ಚಿಪ್ಪಿನ ಹೂವಿನ ಹೊಲಿಗೆ ಮಿಷನ್ನು

ಕಳೆದ ತಿಂಗಳು ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ ನಾನು ಕೂತಿದ್ದ ಆಟೋ ಸಿಕ್ಕಿಹಾಕಿಕೊಂಡಿತು. ಮುಂದೆ ಸಾಮಾನು ಇಳಿಸುತ್ತಿದ್ದ ಲಾರಿ, ಹಿಂದೆ ಇನ್ನೆರಡು ಆಟೋ. ಪಕ್ಕದಲ್ಲಿ ಒಂದು ಪುಟ್ಟ ಟೈಲರ್ ಅಂಗಡಿ. ಅದರ ಹೊಸ್ತಿಲ ಮೇಲೆ ಕೂತವನೊಬ್ಬ ಹೊಲಿಗೆ ಮಿಷನ್ನನ್ನು ಮಗುಚಿ ಹಾಕಿಕೊಂಡು ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ. ಎಣ್ಣೆ, ಹಳೆಯ ನೂಲಿನ ಧೂಳು, ಬಿಸಿಯಾದ ಕಬ್ಬಿಣ ಎಲ್ಲ ಸೇರಿದ ಆ ವಾಸನೆ ಬಂದದ್ದೇ ತಡ, ನಯಾಪೈಸೆ ಚಲಾವಣೆಗೆ ಬಂದ ಐವತ್ತೇಳನೆಯ ಇಸವಿಯ ಮಳೆಗಾಲ ಕಣ್ಣ ಮುಂದೆ ನಿಂತಿತು. ಆ ಗಲ್ಲಿಯಲ್ಲಿ ಒಂದು ಕಾಲಕ್ಕೆ ನಾನು ಪ್ರತಿ ಶನಿವಾರ ನಡೆದು ಹೋಗುತ್ತಿದ್ದೆ. ಯಾಕೆ ಹೋಗುತ್ತಿದ್ದೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ.

ಆಗ ನಾನು ಹುಡುಗಿಯರ ಮಿಡ್ಲ್ ಸ್ಕೂಲೊಂದರಲ್ಲಿ ಹೊಲಿಗೆ ಟೀಚರ್. ಹುಟ್ಟಿದ್ದು ಹೂಟಗಳ್ಳಿಯ ಬೇಸಾಯಗಾರರ ಮನೆಯಲ್ಲಿ. ಮದುವೆಯಾಗಿ ಬಂದದ್ದು ದೇವರಾಜ ಮೊಹಲ್ಲಾದ ಒಂದು ವಠಾರಕ್ಕೆ. ನಮ್ಮ ಯಜಮಾನರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲೇ ನಾವಿಬ್ಬರು ಮತ್ತು ನನ್ನ ಹುಚ್ಚು.

ಹುಚ್ಚು ಎಂದರೆ ಹಳೆಯ ಹೊಲಿಗೆ ಮಿಷನ್ನುಗಳದ್ದು. ಇಂಗ್ಲಿಷರು ಊರು ಬಿಟ್ಟು ಹೋದ ಮೇಲೆ ಅವರ ಬಂಗಲೆಗಳ ಸಾಮಾನು ಹರಾಜಾಗಿ, ಕೈ ಬದಲಾಗಿ, ಕೊನೆಗೆ ಮಾರ್ಕೆಟ್ಟಿನ ಹಿಂದಿನ ಗುಜರಿ ಅಂಗಡಿಗಳಿಗೆ ಬಂದು ಬಿದ್ದಿರುತ್ತಿತ್ತು. ಊರಿನ ಟೈಲರುಗಳು ಕಾಲುಮಿಷನ್ ಕೊಂಡು ಕೈಮಿಷನ್ನುಗಳನ್ನು ಮೂಲೆಗೆ ಒತ್ತುತ್ತಿದ್ದ ಕಾಲವೂ ಅದೇ. ತುಕ್ಕು ಹಿಡಿದದ್ದು, ಹಿಡಿ ಮುರಿದದ್ದು, ಲಾಳಿ ಕಳೆದುಕೊಂಡದ್ದು, ಏನಾದರೂ ಸರಿ, ಕಂಡರೆ ನನ್ನ ಕಾಲು ಮುಂದಕ್ಕೆ ಏಳುತ್ತಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದು ಸೀಮೆಎಣ್ಣೆಯಲ್ಲಿ ತಿಂಗಳುಗಟ್ಟಲೆ ಉಜ್ಜುತ್ತಿದ್ದೆ. ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಬಳ್ಳಿ ನಿಧಾನವಾಗಿ ಕಾಣಿಸಿಕೊಳ್ಳುವುದನ್ನು ನೋಡುವ ಸುಖ ಬೇರೆ. ಅವುಗಳ ಜೊತೆಗೆ ಬಿಸ್ಕತ್ ಡಬ್ಬಿಗಳ ತುಂಬ ಚಿಪ್ಪಿನ ಗುಂಡಿ, ಲೇಸಿನ ಚೂರು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆಯ ಅಂಗುಸ್ತಾನ, ಯಾರೋ ಅರ್ಧ ಬಳಸಿ ಬಿಟ್ಟ ರೇಷ್ಮೆ ದಾರದ ಲಡಿಗಳು.

"ಜನ ನಾಯಿ ಸಾಕ್ತಾರೆ, ಗಿಳಿ ಸಾಕ್ತಾರೆ. ನಮ್ಮ ರತ್ನ ಮಿಷನ್ ಸಾಕ್ತಾಳೆ ಕಣ್ರೀ" ಎಂದು ಯಜಮಾನರು ವಠಾರದವರ ಮುಂದೆ ನನ್ನ ಕಾಲೆಳೆಯುತ್ತಿದ್ದರು. ಮಲಗುವ ಕೋಣೆಗೆ ಮೂರನೆಯದು ಬಂದ ಮೇಲೆ ಮಾತ್ರ, "ಇನ್ನೊಂದು ಬಂದ್ರೆ ನಾನು ಜಗಲಿ ಮೇಲೆ ಮಲಗ್ಬೇಕಾಗ್ತದೆ ಕಣೇ" ಎಂದು ಮೆಲ್ಲಗೆ ಗೊಣಗಿದ್ದರು.

ಈ ಹುಚ್ಚಿಗೆ ಒಂದು ಹಬ್ಬವೂ ಇತ್ತು. ನವರಾತ್ರಿ ಬಂದರೆ ವಠಾರದ ಮನೆಮನೆಯಲ್ಲೂ ಬೊಂಬೆ ಕೂರಿಸುತ್ತಿದ್ದರು. ತಾಯಿ ಮನೆಯಿಂದ ಬಂದ ರಾಜ ರಾಣಿಯರ ಪಟ್ಟದ ಬೊಂಬೆ ಮೇಲಿನ ಮೆಟ್ಟಿಲಿನಲ್ಲಿ, ಉಳಿದವು ಕೆಳಗೆ. ಮದುವೆಯಲ್ಲಿ ನನಗೆ ಪಟ್ಟದ ಬೊಂಬೆ ಕೊಟ್ಟಿರಲಿಲ್ಲ. ನಮ್ಮ ಕಡೆ ಆ ರೂಢಿಯೇ ಇರಲಿಲ್ಲ. ನನ್ನವ್ವ ಎರಡು ಪಲ್ಲ ರಾಗಿ ಮತ್ತು ಒಂದು ಹಸು ಕೊಟ್ಟು ಕಳಿಸಿದ್ದಳು. ವಠಾರದ ಯಜಮಾನಿ ಸಾವಿತ್ರಮ್ಮ ಮೊದಲ ವರ್ಷವೇ, "ನಿಮ್ಮಲ್ಲಿ ಕೂರ್ಸೋದಿಲ್ವೇನಮ್ಮ?" ಎಂದು ಕೇಳಿದಾಗ ಮುಖ ಸಣ್ಣದಾಯಿತು. ಮರುವರ್ಷ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ನನ್ನ ಎರಡು ಮಿಷನ್ನುಗಳನ್ನು ಕೂರಿಸಿದೆ. ಗುಂಡಿಗಳಿಂದ ರಂಗೋಲಿ ಬಿಟ್ಟೆ, ದಾರದ ಲಡಿಗಳಿಂದ ತೋರಣ ಕಟ್ಟಿದೆ. ಮಕ್ಕಳು ಬೊಂಬೆ ಮರೆತು ನಮ್ಮ ಮನೆಗೆ ಮುತ್ತಿಗೆ ಹಾಕಿದವು. ಅಲ್ಲಿಂದ ಮುಂದೆ ಅದೇ ನಮ್ಮ ಮನೆಯ ಸಂಪ್ರದಾಯವಾಯಿತು. ಬೊಂಬೆ ಕೂರಿಸುವವರು ವರ್ಷಕ್ಕೊಂದಾದರೂ ಹೊಸ ಬೊಂಬೆ ಸೇರಿಸಬೇಕು. ನಾನೂ ವರ್ಷಕ್ಕೊಂದು ಹೊಸ ಮಿಷನ್ ಸೇರಿಸುತ್ತಾ ಬಂದೆ. ಸಾವಿತ್ರಮ್ಮ ಶ್ರಾವಣದಲ್ಲೇ, "ಈ ಸಲದ ಹೊಸದು ಯಾವುದು?" ಎಂದು ಕೇಳಲು ಶುರುಮಾಡುತ್ತಿದ್ದರು. ಉತ್ತರ ಸಿದ್ಧವಿಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ವರ್ಷದ ಉತ್ತರ ನನಗೆ ಮೊದಲೇ ಗೊತ್ತಿತ್ತು. ಅದು ಲಷ್ಕರ್ ಮೊಹಲ್ಲಾದಲ್ಲಿ ಜೋಜಮ್ಮನವರ ಕಿಟಕಿಯ ಪಕ್ಕ ಇತ್ತು.

ಜೋಜಮ್ಮನವರು ಕ್ರೈಸ್ತರು, ಅರವತ್ತು ದಾಟಿದವರು, ಮಕ್ಕಳಿಲ್ಲದ ವಿಧವೆ. ಅವರ ಯಜಮಾನರು ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅಡುಗೆಯವರಾಗಿದ್ದರು. ಸ್ವಾತಂತ್ರ್ಯ ಬಂದ ವರ್ಷ ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ತನ್ನ ಕೈಮಿಷನ್ನನ್ನು ಜೋಜಮ್ಮನವರ ತೊಡೆಯ ಮೇಲಿಟ್ಟು ಹೋಗಿದ್ದಳಂತೆ. ಅಂಥದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ಜರ್ಮನಿಯದು. ಚಿನ್ನದ ಬಣ್ಣದ ಬದಲು ಅದರ ಮೈತುಂಬ ಮುತ್ತಿನ ಚಿಪ್ಪನ್ನು ಕೊರೆದು ಕೂರಿಸಿದ ಹೂವುಗಳು. ಬೆಳಕು ಬಿದ್ದ ಕಡೆ ಒಮ್ಮೆ ಗುಲಾಬಿ, ಒಮ್ಮೆ ಹಸಿರು. ಆ ಮಿಷನ್ನಿನಲ್ಲಿ ಅವರು ತಮ್ಮ ಚರ್ಚಿನ ಹೆಣ್ಣುಮಕ್ಕಳು ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದಿನ ಹಾಕುವ ಬಿಳಿ ಗೌನುಗಳನ್ನು ಹೊಲಿಯುತ್ತಿದ್ದರು. ಶಾಲೆಯ ಕೆಲಸಕ್ಕೆಂದು ಲೇಸು ಕೇಳಲು ಹೋದ ನಾನು ಆ ಮಿಷನ್ ಕಂಡು ಮಾತು ಮರೆತು ನಿಂತಿದ್ದೆ.

ಮಾರುತ್ತೀರಾ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲ ಅವರು ನಕ್ಕರು.

"ಇದನ್ನ ಮಾರಾಕಿಲ್ಲ ಟೀಚರಮ್ಮ. ಕಣ್ಣಿರೋವರ್ಗೂ ಇದು ನನ್ನ ಅನ್ನ. ಎಡಗಣ್ಣು ಚಿಕ್ಕಂದಲ್ಲೇ ಸಿಡುಬಿಗೆ ಹೋಯ್ತು, ಬಲಗಣ್ಣಿಗೆ ಪೊರೆ ಬತ್ತಾ ಐತೆ. ಇದೂ ಹೋದ ದಿನ ಮಿಷನ್ ನಿಮ್ದು. ಬೇರೆ ಯಾರಿಗೂ ಕೊಡಾಕಿಲ್ಲ. ಮಾತು ಕೊಟ್ಟೆ ಅನ್ಕೊಳಿ."

ಪ್ರೀತಿಯಿಂದ ಆಡಿದ ಮಾತು ಅದು. ನಾನು ಅದನ್ನು ಕರಾರುಪತ್ರದಂತೆ ಎದೆಯಲ್ಲಿ ಮಡಿಸಿಟ್ಟುಕೊಂಡು ಬಂದೆ.

ಆಮೇಲೆ ಶನಿವಾರಗಳು ಶುರುವಾದವು. ಶನಿವಾರ ನಮಗೆ ಬೆಳಗಿನ ಶಾಲೆ. ಮುಗಿದ ಕೂಡಲೇ ನಾನು ಲಷ್ಕರ್ ಮೊಹಲ್ಲಾಕ್ಕೆ ನಡೆಯುತ್ತಿದ್ದೆ. ಅವರಿಗೆ ಕೈಹೊಲಿಗೆ ಮುಗಿಸಿಕೊಡುತ್ತಿದ್ದೆ, ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಅವರು ಕಾಫಿ ಕೊಡುತ್ತಿದ್ದರು. ಗೌನಿನ ಕುತ್ತಿಗೆಗೆ ನೆರಿಗೆ ಹಿಡಿಯುವುದನ್ನು ಅವರಷ್ಟು ಚೆನ್ನಾಗಿ ಯಾರೂ ನನಗೆ ಕಲಿಸಿಲ್ಲ. ಪಕ್ಕದ ಮನೆಯ ಫಿಲೋಮಿನ ನಮ್ಮ ಶಾಲೆಯಲ್ಲೇ ಏಳನೆಯ ತರಗತಿಯಲ್ಲಿ ಓದುತ್ತಿದ್ದಳು. ಅವಳ ತಾಯಿ ನನ್ನನ್ನು ಕಂಡಾಗಲೆಲ್ಲ, "ಹೆತ್ತ ಮಗಳೂ ಹಿಂಗೆ ಬರಾಕಿಲ್ಲ ಕಣ್ರೀ" ಎನ್ನುತ್ತಿದ್ದರು. ಆ ಮಾತು ಕೇಳಿ ನಾನು ತಲೆ ತಗ್ಗಿಸುತ್ತಿದ್ದೆ. ನೋಡಿದವರು ಸಂಕೋಚ ಅಂದುಕೊಂಡಿರಬೇಕು.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಒಂದು ಶನಿವಾರ ಸಣ್ಣಗೆ ತುಂತುರು ಹನಿಯುತ್ತಿತ್ತು. ಕಿಟಕಿಯ ಬಳಿ ಕೂತು ಜೋಜಮ್ಮನವರು ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ಹಿಡಿದರು. ತಪ್ಪಿತು. ಮತ್ತೆ ಹಿಡಿದರು. ಮತ್ತೆ ತಪ್ಪಿತು. ನಾಲ್ಕನೆಯ ಸಲಕ್ಕೆ ಸುಮ್ಮನೆ ಕೈ ಇಳಿಸಿ, "ಒಸಿ ಪೋಣಿಸ್ಕೊಡಿ ಟೀಚರಮ್ಮ, ಮೋಡ ಕವ್ಕಂಡದೆ" ಎಂದರು.

ನಾನು ಪೋಣಿಸಿಕೊಟ್ಟೆ. ಅದೇ ಗಳಿಗೆಯಲ್ಲಿ ನನ್ನೊಳಗೆ ಏನೋ ಹಿಗ್ಗಿತು. ಅದು ಸಂತೋಷ. ಬೇರೆ ಹೆಸರಿಟ್ಟರೆ ಸುಳ್ಳು ಹೇಳಿದಂತಾಗುತ್ತದೆ.

ಅಲ್ಲಿಂದಾಚೆಗೆ ನಾನು ಅವರ ಕಣ್ಣನ್ನು ಅಳೆಯತೊಡಗಿದೆ. ನನ್ನ ಬಿಸ್ಕತ್ ಡಬ್ಬಿಯಿಂದ ಹಳೆಯ ರೇಷ್ಮೆ ಲಡಿಗಳನ್ನು ಒಯ್ದು, ಹೊಸದಾಗಿ ಸಿಕ್ಕಿದ್ದನ್ನು ತೋರಿಸುವ ನೆಪ ಮಾಡಿ, "ಈ ಬಣ್ಣ ಹೇಗಿದೆ ಹೇಳಿ" ಎಂದು ಕೇಳುತ್ತಿದ್ದೆ. ಶ್ರಾವಣದ ಮೊದಲ ವಾರ ಹಸಿರನ್ನು ಹಸಿರೆಂದೇ ಅಂದರು. ಮೂರನೆಯ ವಾರ ಅದೇ ಲಡಿಯನ್ನು ಬೆಳಕಿಗೆ ಹಿಡಿದು, "ಒಳ್ಳೆ ನೀಲಿ" ಎಂದರು. ನಾನು ತಿದ್ದಲಿಲ್ಲ. ಮನೆಗೆ ಬಂದವಳು ಹಲಗೆಗಳನ್ನು ಅಟ್ಟದಿಂದ ಇಳಿಸಿ ತೊಳೆದೆ. ಸಾವಿತ್ರಮ್ಮ ಕೇಳಿದಾಗ, "ಈ ಸಲದ್ದು ನೋಡಿ ನೀವು ಬೆರಗಾಗ್ಬೇಕು" ಎಂದುಬಿಟ್ಟೆ. ಒಮ್ಮೆ ಬಾಯಿಂದ ಬಂದ ಮೇಲೆ ಆ ಮಿಷನ್ ಬಂದೇ ಬರಬೇಕಾಯಿತು.

ಗೌರಿ ಗಣೇಶ ಹಬ್ಬ ಕಳೆದು ಎರಡು ದಿನವಾಗಿತ್ತು. ಶಾಲೆಗೆ ಒಂದು ನೋಟೀಸು ಬಂತು. ಊರಾಚೆಯ ಒಂದು ಛತ್ರದಲ್ಲಿ ಬರುವ ಶನಿವಾರ ಮತ್ತು ಭಾನುವಾರ ಹೊರಗಿನಿಂದ ಬಂದ ವೈದ್ಯರು ಕಣ್ಣಿನ ಪೊರೆ ತೆಗೆಯುತ್ತಾರೆ, ಖರ್ಚಿಲ್ಲ. ರೋಗಿಯನ್ನು ಎಂಟು ದಿನ ಕಣ್ಣು ಕಟ್ಟಿ ಅಲ್ಲಾಡದಂತೆ ಮಲಗಿಸುತ್ತಾರೆ, ಆದ್ದರಿಂದ ನೋಡಿಕೊಳ್ಳಲು ಜೊತೆಗೊಬ್ಬರು ಇರಲೇಬೇಕು. ಮಕ್ಕಳು ತಮ್ಮ ಮನೆಯ ಹಿರಿಯರಿಗೆ ತಿಳಿಸಬೇಕು. ಹೆಡ್‌ಮಿಸ್ಟ್ರೆಸ್ ಅದನ್ನು ನನ್ನ ಕೈಗೇ ಕೊಟ್ಟರು. ತರಗತಿಯಿಂದ ತರಗತಿಗೆ ಹೋಗಿ ಗಟ್ಟಿಯಾಗಿ ಓದಿದೆ. ಓದುವಾಗ ಧ್ವನಿ ಎಲ್ಲೂ ನಡುಗಲಿಲ್ಲ.

ಒಂದು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ಜೋಜಮ್ಮನವರಿಗೆ, ಪೊರೆ ಹಣ್ಣಾಗಲಿ, ಆಮೇಲೆ ಬನ್ನಿ ಎಂದಿದ್ದರು. ಹಣ್ಣಾಗಿದೆ ಎಂಬುದು ನನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು? ಸಂಜೆ ಐದು ನಿಮಿಷ ನಡೆದಿದ್ದರೆ ಸಾಕಿತ್ತು. ನಡೆಯಲಿಲ್ಲ. ಅವರ ಚರ್ಚಿನಲ್ಲಿ ಹೇಳಿರುತ್ತಾರೆ ಎಂದುಕೊಂಡೆ. ಜೊತೆಗಿರಲು ನನಗೆ ಶಾಲೆಯಲ್ಲಿ ಎಂಟು ದಿನ ರಜ ಕೊಡುತ್ತಾರೋ ಇಲ್ಲವೋ ಎಂದುಕೊಂಡೆ. ಬೇಸಿಗೆಯಲ್ಲಿ ಇಂಥದ್ದು ಇನ್ನೊಂದು ನಡೆಯಬಹುದು, ಆಗ ನಾನೇ ಕರೆದುಕೊಂಡು ಹೋಗುತ್ತೇನೆ, ಮಿಷನ್ನನ್ನೂ ಹಿಂದಿರುಗಿಸುತ್ತೇನೆ ಎಂದೂ ಅಂದುಕೊಂಡೆ. ಸಬೂಬು ಹೊಲಿಯುವುದರಲ್ಲಿ ನನ್ನ ಕೈ ಪಳಗಿತ್ತು.

ಆ ಶನಿವಾರ ನಾನು ಲಷ್ಕರ್ ಮೊಹಲ್ಲಾಕ್ಕೆ ಹೋಗಲಿಲ್ಲ. ಶಾಲೆ ಬಿಟ್ಟದ್ದೇ ಜಟಕಾ ಹತ್ತಿ ಹೂಟಗಳ್ಳಿಗೆ ಹೋದೆ. ಈಗ ಅಲ್ಲಿ ಕಾರ್ಖಾನೆಗಳು, ಸಾಲುಮನೆಗಳು. ಆಗ ರಾಗಿ ಹೊಲಗಳ ನಡುವೆ ಒಂದು ಹಳ್ಳಿ. ಅವ್ವ ಕಳೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ, "ಏನವ್ವ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದಳು. ಸುಮ್ಮನೆ ಎಂದೆ. ರಾತ್ರಿ ಊಟಕ್ಕೆ ಕೂತಾಗ, ಆ ಮನೆಯಲ್ಲೇ ಇದ್ದ ನನ್ನ ದೊಡ್ಡವ್ವ ಮುದ್ದೆಯ ಪಕ್ಕದಲ್ಲಿದ್ದ ಸಾರಿನ ಬಟ್ಟಲಿಗೆ ಕೈ ತಡಕಾಡುವುದು ಕಣ್ಣಿಗೆ ಬಿತ್ತು. ಅವಳಿಗೂ ಪೊರೆ ಬಂದಿತ್ತು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಛತ್ರ ಎಲ್ಲಿದೆ, ಏನು ತೆಗೆದುಕೊಂಡು ಹೋಗಬೇಕು, ಯಾರು ಜೊತೆಗಿರಬೇಕು ಎಲ್ಲವನ್ನೂ ಹೇಳಿದೆ. ಭಾನುವಾರ ನಸುಕಿನಲ್ಲಿ ನನ್ನಣ್ಣ ಗಾಡಿ ಕಟ್ಟಿ ದೊಡ್ಡವ್ವನನ್ನು ಕರೆದುಕೊಂಡು ಹೋದ. ಆಮೇಲೆ ಆಕೆ ಹನ್ನೊಂದು ವರ್ಷ ತನ್ನ ಕಣ್ಣಿಂದಲೇ ರಾಗಿ ಕೇರಿದಳು. ಕಂಡಕಂಡವರಿಗೆಲ್ಲ, "ನನ್ ರತ್ನ ಕೊಟ್ಟ ಕಣ್ಣು ಇದು" ಎನ್ನುತ್ತಿದ್ದಳು. ಅದನ್ನು ಕೇಳುವುದಕ್ಕಿಂತ ಕಷ್ಟದ ಕೆಲಸ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಮುಂದಿನ ಶನಿವಾರ ಜೋಜಮ್ಮನವರ ಮನೆಗೆ ಹೋದೆ. ಅವರು ಎಂದಿನಂತೆ ಕಾಫಿ ಕೊಟ್ಟರು. ಹೋದ ವಾರ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನೆಗಡಿಯ ಕತೆ ಸಿದ್ಧವಾಗಿತ್ತು. ಹೊಲಿಗೆ ನಿಲ್ಲಿಸಿ ಬಟ್ಟೆಯನ್ನು ಮಡಿಸಿಟ್ಟಿದ್ದರು.

ಪಿತೃಪಕ್ಷದ ನಡುವೆ ಒಂದು ಬೆಳಿಗ್ಗೆ ಫಿಲೋಮಿನ ನನ್ನ ತರಗತಿಯ ಬಾಗಿಲಲ್ಲಿ ನಿಂತು, "ಮಿಸ್, ಜೋಜಮ್ಮಜ್ಜಿ ಕಣ್ಣು ಊದ್ಕೊಂಡು ಕೆಂಪಾಗ್ಬುಟ್ಟದೆ, ನೋವಿಗೆ ವಾಂತಿ ಮಾಡ್ಕತಾ ಅವ್ರೆ" ಎಂದಳು. ಅವಳ ತಂದೆ ತಾಯಿ ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ನಾನು ಓಡಿದೆ. ಪೊರೆ ಮಿತಿಮೀರಿ ಹಣ್ಣಾಗಿ ಒಳಗೇ ಒಡೆದಿದೆ, ಕಣ್ಣಿನ ಒತ್ತಡ ಏರಿ ನರ ಸತ್ತಿದೆ ಎಂದು ವೈದ್ಯರು ಹೇಳಿದರು. ಸ್ವಲ್ಪ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಎಂದರು. ಅವರ ಧ್ವನಿಯಲ್ಲಿ ಗದರಿಕೆಯಿರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಮನೆಗೆ ಬಂದ ಮೇಲೆ ಜೋಜಮ್ಮನವರು ಆಡಿದ ಮೊದಲ ಮಾತು ಮಿಷನ್ನಿನದು. "ಒಯ್ಯಿರಿ ಟೀಚರಮ್ಮ. ನಿಮ್ ಹಬ್ಬ ಹತ್ರ ಬಂತು." ಬೇಡ ಎಂದೆ. ಎರಡು ಸಲ ಬೇಡ ಎಂದೆ, ನಿಜವಾಗಿಯೇ. ಅವರು ಒಪ್ಪಲಿಲ್ಲ. "ಕುಲ್ಡಿ ಮನೇಲಿ ಇದು ತುಕ್ಕು ಹಿಡೀಬೇಕಾ? ಮಾತು ಕೊಟ್ಟಿವ್ನಿ." ಕೊನೆಗೆ ಪಿತೃಪಕ್ಷದಲ್ಲಿ ಹೊಸದನ್ನು ತರುವಂತಿಲ್ಲ ಎಂದು ಹೇಳಿ ಅಮಾವಾಸ್ಯೆ ಕಳೆಯುವವರೆಗೆ ತಡೆದೆ. ಪಾಡ್ಯದ ಬೆಳಿಗ್ಗೆ ಯಜಮಾನರು ಜಟಕಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ನಾನು ಅದನ್ನು ಮೇಲಿನ ಮೆಟ್ಟಿಲಿನಲ್ಲಿ, ಪಟ್ಟದ ಬೊಂಬೆಯ ಜಾಗದಲ್ಲಿ ಕೂರಿಸಿದೆ.

ವಠಾರವೆಲ್ಲ ಬಂದು ನೋಡಿತು. ಸಾವಿತ್ರಮ್ಮ ಚಿಪ್ಪಿನ ಹೂವಿನ ಮೇಲೆ ಬೆರಳಾಡಿಸಿ, "ಅರಮನೇಲೂ ಇರಲಾರದು ಕಣೇ!" ಎಂದರು. ನಾನು ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಟ್ಟೆ, ಬೊಂಬೆಯ ಮುಂದಿಟ್ಟ ತಿಂಡಿಯನ್ನು ಮಕ್ಕಳಿಗೆ ಚರುಪು ಎಂದು ಹಂಚಿದೆ. ಎಂಟು ದಿನ ಹಾಗೇ ಕಳೆಯಿತು. ಜೋಜಮ್ಮನವರು ಆ ಛತ್ರದಲ್ಲಿ ಕಣ್ಣು ಕಟ್ಟಿಸಿಕೊಂಡು ಮಲಗಬೇಕಿದ್ದದ್ದೂ ಎಂಟೇ ದಿನ ಎಂಬುದು ಒಂದು ಸಂಜೆ ಚರುಪು ಹಂಚುತ್ತಿರುವಾಗ ಹೊಳೆದು ಕೈ ನಿಂತಿತು.

ಆಯುಧಪೂಜೆಯ ದಿನ ಎಲ್ಲ ಮಿಷನ್ನುಗಳನ್ನೂ ಒರೆಸಿ ಕುಂಕುಮ ಇಟ್ಟೆ, ಸೇವಂತಿಗೆ ಮುಡಿಸಿದೆ. ಮೇಲಿನ ಮೆಟ್ಟಿಲಿನದಕ್ಕೆ ಮಾತ್ರ ಕೈ ಹೋಗಲಿಲ್ಲ. "ಅದ್ಯಾಕೆ ಬಿಟ್ಟೆ?" ಎಂದು ಯಜಮಾನರು ಕೇಳಿದರು. ಬಂದೆ ಎಂದು ಹೇಳಿ, ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬೀದಿಗಿಳಿದೆ. ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಜಟಕಾಗಳಿಗೆ ಬಾಳೆಕಂದು ಕಟ್ಟಿದ್ದರು.

ಜೋಜಮ್ಮನವರು ಕಿಟಕಿಯ ಪಕ್ಕದಲ್ಲೇ ಕೂತಿದ್ದರು. ಮಿಷನ್ ಇದ್ದ ಮೇಜು ಬರಿದಾಗಿತ್ತು. ಹೆಜ್ಜೆ ಸದ್ದಿನಿಂದಲೇ ಗುರುತು ಹಿಡಿದು, "ಇವತ್ತು ಶನಿವಾರ ಅಲ್ವಲ್ಲ ಟೀಚರಮ್ಮ?" ಎಂದರು.

ನಿಂತೇ ಹೇಳಿದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. "ಅಮ್ಮ, ಕಣ್ಣಿನ ಡಾಕ್ಟ್ರು ಛತ್ರಕ್ಕೆ ಬಂದಿದ್ರಲ್ಲ, ಆ ನೋಟೀಸನ್ನ ಶಾಲೇಲಿ ಓದಿದ್ದು ನಾನೇ. ನನಗೆ ಗೊತ್ತಿತ್ತು. ಬೇಕಂತಲೇ ನಿಮಗೆ ಹೇಳಲಿಲ್ಲ. ಮಿಷನ್ ಆಸೆಗೆ."

ಅವರು ಬರಿದಾದ ಮೇಜಿನ ಅಂಚನ್ನು ಬೆರಳಿಂದ ಸವರುತ್ತಿದ್ದರು.

"ನೀವು ಓದಿದ್ದು ಗೊತ್ತಿತ್ತು ಕಣಮ್ಮ" ಎಂದರು ಆಮೇಲೆ. "ಅವತ್ತು ಸಾಯಂಕಾಲವೇ ಫಿಲೋಮಿನ ಬಂದು ಹೇಳಿದ್ಲು. ನಮ್ಮ ಮಿಸ್ಸೇ ಓದಿದ್ರು ಅಂತ."

"ಮತ್ತೆ ಯಾಕೆ ಹೋಗಲಿಲ್ಲ? ಅವಳ ಅಪ್ಪ ಅಮ್ಮನ್ನೇ ಕರ್ಕೊಂಡು ಹೋಗೋಕೆ ಹೇಳ್ಬೋದಿತ್ತಲ್ಲ! ನನಗಾದ್ರೂ ಒಂದು ಮಾತು ಹೇಳಿ ಕಳಿಸ್ಬೋದಿತ್ತಲ್ಲ!" ನನ್ನ ಧ್ವನಿ ಏರಿತ್ತು. ಅವರ ಮೇಲೆ ಸಿಟ್ಟು ಬಂದಿತ್ತು ಎಂದರೆ ನಂಬುವುದು ಕಷ್ಟ.

"ನಿಮಗೆ ಮಿಷನ್ ಕೊಡ್ತೀನಿ ಅಂದ್ಬುಟ್ಟಿದ್ದೆನಲ್ಲ. ಆಮೇಲೆ ನಾನಾಗಿ ಬನ್ನಿ, ಎಂಟು ದಿನ ನನ್ನ ನೋಡ್ಕೊಳಿ ಅಂದ್ರೆ, ಅದಕ್ಕೆ ಬದ್ಲು ಕೇಳ್ದಂಗೆ ಆಯ್ತದೆ ಅನ್ನಿಸ್ತು. ಪಾದ್ರಿಗಳೂ ಬಂದಿದ್ರು. ಜೊತೆಗೆ ಯಾರನ್ನಾದ್ರೂ ಗೊತ್ತು ಮಾಡ್ಲಾ ಅಂದ್ರು. ಬ್ಯಾಡಿ ಸ್ವಾಮಿ, ನಮ್ ಟೀಚರಮ್ಮ ಬತ್ತಾರೆ ಅಂದೆ." ಅವರು ಸೆರಗಿನಿಂದ ಕಣ್ಣಿನ ಅಂಚು ಒರೆಸಿಕೊಂಡರು. ಅಳುವಲ್ಲ, ಆ ಕಣ್ಣಿನಿಂದ ಆಗೆಲ್ಲ ನೀರು ಸೋರುತ್ತಿತ್ತು. "ಶನಿವಾರ ನೀವು ಬರೋ ದಿನವೇ ಅಲ್ವಾ? ಬೆಳಿಗ್ಗೇನೇ ತಲೆ ಬಾಚ್ಕೊಂಡು, ಚರ್ಚಿಗೆ ಉಡೋ ಸೀರೆ ಉಟ್ಕೊಂಡು, ಎಂಟು ದಿನದ ಬಟ್ಟೆ ಗಂಟು ಕಟ್ಕೊಂಡು ಬಾಗಿಲಲ್ಲಿ ಕೂತಿದ್ದೆ. ಭಾನುವಾರಾನೂ ಕೂತಿದ್ದೆ."

ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ. ಜೋಜಮ್ಮನವರು ಕೈ ಚಾಚಿ ಗಾಳಿಯಲ್ಲಿ ತಡಕಾಡಿ ನನ್ನ ತಲೆಯನ್ನು ಹುಡುಕಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದರೆ ಉಳಿದುಕೊಳ್ಳುತ್ತೇನೆ ಎಂದು ಕಾದೆ. ಅವರ ಬೆರಳು ನನ್ನ ಬೈತಲೆಯ ಮೇಲೆ ಸುಮ್ಮನೆ ಇತ್ತು. ಹೊರಗೆ ಯಾರೋ ಇನ್ನೊಂದು ಕುಂಬಳಕಾಯಿ ಒಡೆದರು.

"ಇವತ್ತು ಆಯುಧಪೂಜೆ ಅಲ್ವಾ?" ಎಂದರು. "ನನ್ ಮಿಷನ್ನಿಗೆ ಹೂವು ಇಟ್ರಾ?"

"ಇಟ್ಟೆ ಅಮ್ಮ" ಎಂದೆ. ಇಟ್ಟಿರಲಿಲ್ಲ.